ಯೂರಿಯ ನೀರು ಕುಡಿದ ಹಸು

ತೊಂಬತ್ತರ ದಶಕದ ಆರಂಭದಲ್ಲಿ ನಾನು ಹಂಗಳಕ್ಕೆ ಸೊಸೆಯಾಗಿ ಬಂದಾಗ ನಮ್ಮ ಆಲೂಗಡ್ಡೆಗೆ ತಿಪ್ಪೆ ಗೊಬ್ಬರ ಬಿಟ್ಟು ಬೇರೇನೂ ಹಾಕುತ್ತಿರಲಿಲ್ಲ. ಅದರ ಉಸ್ತುವಾರಿ ಅತ್ತೆಯದು. ಸಗಣಿ, ಬೂದಿ, ಹಸು ತಿಂದು ಉಳಿಸಿದ ರಾಗಿಹುಲ್ಲು ಎಲ್ಲವೂ ಗುಂಡಿಯಲ್ಲಿ ಕೊಳೆತು ಕರ್ರಗೆ ಪುಡಿಯಾಗುವವರೆಗೂ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಹಸಿ ಗೊಬ್ಬರ ಹಾಕಿದರೆ ಗೊಣ್ಣೆಹುಳ ಬಂದು ಗಡ್ಡೆ ಕೊರೆಯುತ್ತದೆ ಎನ್ನುತ್ತಿದ್ದರು.

ಎತ್ತುಗಳನ್ನು ಮಾರಿ ಒಂದೇ ಹಸು ಉಳಿದ ವರ್ಷ ಗೊಬ್ಬರ ಅರ್ಧ ಹೊಲಕ್ಕೂ ಸಾಲಲಿಲ್ಲ. ನಮ್ಮ ಯಜಮಾನರು ಗುಂಡ್ಲುಪೇಟೆಯಿಂದ ಯೂರಿಯ ತಂದರು. ಗಿಡ ಕಪ್ಪುಹಸಿರಾಗಿ ಮೊಣಕಾಲು ಮುಟ್ಟಿತು. ದಾರಿಯಲ್ಲಿ ಹೋಗುವವರೆಲ್ಲ ನಿಂತು ಹೊಗಳಿದರು. ಇವರಿಗೆ ಆಸೆ ಹತ್ತಿತು. ಮಳೆ ತಡವಾದಾಗ ನೀರಿನಲ್ಲಿ ಕರಗಿಸಿ ಬುಡಕ್ಕೆ ಹುಯ್ಯತೊಡಗಿದರು.

ಒಂದು ಬೆಳಿಗ್ಗೆ ಕೊಟ್ಟಿಗೆಯ ಮುಂದೆ ಬಾನಿಯಲ್ಲಿ ಯೂರಿಯ ಕಲೆಸಿಟ್ಟು ಊಟಕ್ಕೆ ಒಳಗೆ ಬಂದರು. ಗಬ್ಬದ ಹಸು ಹಗ್ಗ ಕಿತ್ತುಕೊಂಡಿತ್ತು. ನಾವು ಹೊರಗೆ ಬರುವಷ್ಟರಲ್ಲಿ ಬಾನಿ ಬರಿದಾಗಿತ್ತು.

"ನೀರು ಅಂದ್ಕಂಡು ಕುಡ್ದುಬುಟ್ಟದೆ ಕಣವ್ವಾ!" ಎಂದು ಇವರು ಕಿರುಚಿದರು.

ಹಸು ನಡುಗಿತು. ಬಾಯಲ್ಲಿ ನೊರೆ ಬಂತು, ಹೊಟ್ಟೆ ಉಬ್ಬಿ ಕುಸಿದುಬಿತ್ತು. ನಾನು ಹುಣಸೆಹಣ್ಣು ಕಿವುಚಿ ತಂದೆ, ಅತ್ತೆ ಬಿದಿರಿನ ಗೊಟ್ಟದಲ್ಲಿ ಬಾಯಿಗೆ ಹುಯ್ದು ಕುಡಿಸಲು ನೋಡಿದರು, ಗಂಟಲಿಗಿಳಿಯಲಿಲ್ಲ. ಇವರು ದನದ ಡಾಕ್ಟರನ್ನು ಕರೆಯಲು ಸೈಕಲ್ ಹತ್ತಿ ಓಡಿದರು. ಅತ್ತೆ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಏಳು ನನ್ನವ್ವಾ, ಎದ್ದೇಳು" ಎನ್ನುತ್ತಲೇ ಇದ್ದರು. ಡಾಕ್ಟರು ಬಂದಾಗ ಅದು ತಣ್ಣಗಾಗಿತ್ತು. ಹೊಟ್ಟೆಯೊಳಗಿನ ಕರುವೂ ಅದರ ಜೊತೆಯಲ್ಲೇ ಹೋಯಿತು. ಹೊಲದ ಅಂಚಿನಲ್ಲಿ ಹೂಳಿದೆವು.

ಗಡ್ಡೆ ಕೀಳುವ ಕಾಲ ಬಂತು. ಆ ಸೊಂಪು ಗಿಡಗಳ ಕೆಳಗೆ ನೆಲ್ಲಿಕಾಯಿಯಷ್ಟು ಗಡ್ಡೆಗಳೇ ಹೆಚ್ಚಿದ್ದವು. ದಪ್ಪಗಿದ್ದವುಗಳ ಸಿಪ್ಪೆ ಬೆರಳು ತಾಕಿದರೆ ಸುಲಿದು ಬರುತ್ತಿತ್ತು. ತಿಪ್ಪೆ ಗೊಬ್ಬರ ಬಿದ್ದಿದ್ದ ಕಡೆ ಮಾತ್ರ ಗಡ್ಡೆ ಗಟ್ಟಿಯಾಗಿತ್ತು. ಗುಂಡ್ಲುಪೇಟೆಯ ಮಂಡಿಯವರು ಒಂದು ಚೀಲ ಬಿಚ್ಚಿ ಹಿಚುಕಿ ನೋಡಿದರು.

"ಲಾರಿಗಾಕುದ್ರೆ ಕೇರಳ ಮುಟ್ಟಾಗಂಟ ನೀರಾಯ್ತದೆ. ವಾಪಸ್ ತಕ್ಕೊಂಡೋಗಿ."

ಹಾಗೇ ತಂದೆವು. ವಾರ ಕಳೆಯುವುದರೊಳಗೆ ಚೀಲಗಳಿಂದ ಕೆಟ್ಟ ವಾಸನೆಯ ರಸ ಸೋರಿ ಪಡಸಾಲೆಗೆಲ್ಲ ಹರಿಯಿತು. ಇವರು ಒಂದೊಂದೇ ಚೀಲ ಹೊತ್ತು ಬರಿದಾಗಿದ್ದ ಗೊಬ್ಬರದ ಗುಂಡಿಗೆ ಸುರಿದರು. ಅತ್ತೆ ಜಗಲಿಯಲ್ಲಿ ಕೂತು ನೋಡಿದರು, ಬೇಡವೆನ್ನಲಿಲ್ಲ.

ಮುಂದಿನ ಮಳೆಗಾಲಕ್ಕೆ ಇವರು ಇನ್ನೊಂದು ಹಸು ತರುವ ಮಾತೆತ್ತಿದರು. ಅತ್ತೆ ಮಗನ ಮುಖ ನೋಡಲಿಲ್ಲ. ನನ್ನ ಕಡೆ ತಿರುಗಿ, "ನನ್ ಕೈಲಾಗಾಕಿಲ್ಲ ಕಣಮ್ಮಿ, ಯೋಳ್ಬುಡು ಅವ್ನಿಗೆ" ಎಂದರು.