ತಾಟಿಗೆ ಹಾಕಿದ ಹೊಲ

ದಾನ ಮಾಡುವವರು ಮೆತ್ತಗಿರುತ್ತಾರೆ ಎಂದುಕೊಂಡವರು ನಮ್ಮ ಪಕ್ಕದ ಮನೆಯ ಅಜ್ಜಿಯನ್ನು ನೋಡಬೇಕಿತ್ತು. ತೊಂಬತ್ತರ ದಶಕದಲ್ಲಿ ಆಕೆ ಕೊಟ್ಟೂರಿನ ಬಸ್ ನಿಲ್ದಾಣದ ಹಿಂದೆ ರೊಟ್ಟಿ ಖಾನಾವಳಿ ನಡೆಸುತ್ತಿದ್ದಳು. ಹೊಟ್ಟೆ ತುಂಬಿತೆಂದು ಯಾರಾದರೂ ತಟ್ಟೆಯಿಂದ ರೊಟ್ಟಿ ಎತ್ತಿ ವಾಪಸು ಕೊಡಲು ಹೋದರೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವಳು.

“ತಾಟಿಗೆ ಹಾಕಿದ್ದು ಹೊಳ್ಳಿ ತಗೊಳ್ಳಂಗಿಲ್ಲ!”

ಮಕ್ಕಳಿಲ್ಲದ ಆಕೆ, ತಾನು ದುಡಿದು ಕೊಂಡ ಊರಂಚಿನ ಹೊಲವನ್ನು ಹಳ್ಳಿ ಹುಡುಗಿಯರ ಹಾಸ್ಟೆಲಿಗೆ ಕೊಡಲು ಹೊರಟಳು. ಸಾಕ್ಷಿಗೆ ನಾನು ಹೋಗಿದ್ದೆ.

“ಉಯಿಲು ಬರಸ್ರಿ ಅಜ್ಜಿ, ಇರೋತನಕ ನಿಮ್ಮ ಹೆಸರಿಗೇ ಇರ್ತೈತಿ” ಎಂದರು ಪತ್ರ ಬರೆಯುವವರು.

“ಸತ್ತಮ್ಯಾಲೆ ಜಗಳ ಬಿದ್ರ ನಾ ಎದ್ದು ಬಂದು ಹೇಳ್ಲೇನು? ದಾನಪತ್ರನ ಬರೀರಿ. ಹುಡುಗ್ಯಾರು ಓದೋದು ಕಣ್ಣಿಲೆ ನೋಡ್ತೀನಿ” ಎಂದು ಹೆಬ್ಬೆಟ್ಟು ಒತ್ತಿಯೇಬಿಟ್ಟಳು.

ಸುದ್ದಿ ತಿಳಿದು ಮೈದುನನ ಮಕ್ಕಳು ಖಾನಾವಳಿಗೆ ನುಗ್ಗಿದರು. ಪತ್ರ ರದ್ದು ಮಾಡಿಸೆಂದು ಕೂಗಾಡಿದರು. ಕೊನೆಗೆ ಹಿರಿಯವನು, “ನಾಳೆ ನಿನಗ ಮಣ್ಣು ಕೊಡೋರು ಯಾರು ದೊಡ್ಡವ್ವ?” ಎಂದ.

ಉಣ್ಣುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಆಕೆ ಒಲೆಯ ಮುಂದಿನಿಂದ ಎದ್ದು, ಹಿಟ್ಟು ಮೆತ್ತಿದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ತಾಟಿಗೆ ಹಾಕೀನಿ. ಹೊಳ್ಳಿ ತಗೊಳ್ಳಂಗಿಲ್ಲ. ಮಣ್ಣು ಕೊಡೋರು ಬರ್ತಾರ, ನೀವು ಉಂಡು ಹೋಗ್ರಿ.”

ಕೆಲವು ವರ್ಷಗಳ ಮೇಲೆ ಆಕೆ ತೀರಿಕೊಂಡಾಗ ಹಾಸ್ಟೆಲ್ ಹುಡುಗಿಯರೆಲ್ಲ ಸಾಲಾಗಿ ಬಂದು, ಆಕೆಯ ಮೇಲೆ ಹಿಡಿ ಹಿಡಿ ಮಣ್ಣು ಹಾಕಿದರು. ಮೈದುನನ ಮಕ್ಕಳೂ ಸಾಲಿನ ಕೊನೆಗೆ ನಿಂತಿದ್ದರು. ಅವರ ಸರದಿ ಬರುವಷ್ಟರಲ್ಲಿ ಕುಣಿ ತುಂಬಿತ್ತು.