ಸೊರಬದ ಸೀರೆ, ಶಿಕಾರಿಪುರದ ಪಂಚೆ

ಸೋಮವಾರ ಬೆಳಿಗ್ಗೆ ಎಂದಿನಂತೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದೆ. ನಮ್ಮನೆಯವರು ಹಣೆಗೆ ವಿಭೂತಿ ಹಚ್ಚಿಕೊಂಡು, ಒಂದು ಕೈಯಲ್ಲಿ ಮೊಬೈಲು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಏ, ಎರಡು ಫೋಟೋ, ಆಧಾರ್ ಕಾರ್ಡು ತೆಗ್ದಿಟ್ಕೋ. ಹೇಗೂ ಮನೆ ಖಾತೆ ಸರಿ ಮಾಡಿಸ್ತಿದೀನಲ್ಲ, ನಿನ್ ಹೆಸ್ರೂ ಸೇರಿಸಿಬಿಡೋಣ ಅಂತ."

ಹೇಗೂ ಸಂತೆಗೆ ಹೋಗ್ತೀನಲ್ಲ, ಒಂದು ಕಟ್ಟು ಕೊತ್ತಂಬರಿ ತರ್ಲಾ ಎಂದು ಕೇಳುವಾಗಲೂ ಅವರ ದನಿ ಇದೇ. ಕಾವಲಿ ಮೇಲಿನ ರೊಟ್ಟಿ ಕರಕಲಾಯಿತು. (ಅದನ್ನು ನಾನೇ ತಿಂದೆ. ಮನೆಯೊಡತಿ ಆಗುವವರೆಗೆ ಹಳೇ ನಿಯಮವೇ ತಾನೆ?)

"ಯಾಕ್ರೀ ಇದ್ದಕ್ಕಿದ್ದ ಹಾಗೆ? ಡಾಕ್ಟ್ರು ಏನಾದ್ರೂ ಅಂದ್ರಾ?"

"ಹೆಸ್ರು ಸೇರಿಸ್ತೀನಿ ಅಂದ್ರೆ ನನ್ನ ಕಳಿಸೋಕೇ ರೆಡಿಯಾದ್ಯಲ್ಲೇ! ಲೋನ್ ತೀರ್ತು ಕಣೇ. ಇಷ್ಟು ದಿನ ಮನೆ ಬ್ಯಾಂಕಿಂದಾಗಿತ್ತು, ಈಗ ನಮ್ದಾಯ್ತು. ನಮ್ದು ಅಂದ್ಮೇಲೆ ಇಬ್ರದ್ದೂ ಇರ್ಲಿ."

ಇಷ್ಟು ಹೇಳಿ ಅವರು ಬನಿಯನ್ ಹುಡುಕಲು ಹೋದರು. ಅದು ಅವರ ಭುಜದ ಮೇಲೇ ಇತ್ತು.

ಇಸ್ತ್ರಿ ಮಾಡಿದ ಸೀರೆ ಅಂತ ಕೈಗೆ ಸಿಕ್ಕಿದ್ದು ಒಂದೇ, ಹಸಿರು ಅಂಚಿನದು. ಉಟ್ಟು ಗೇಟಿಗೆ ಬಂದೆ. ಪಕ್ಕದ ಮನೆ ಗಿರಿಜಕ್ಕ ಕಾಂಪೌಂಡಿನ ಆಚೆಯಿಂದ ನೋಡಿದ ಕೂಡಲೇ ಗುರುತು ಹಿಡಿದರು.

"ಏನ್ರೀ ಶೈಲಾ, ಸೊರಬದ ಸೀರೆ ಉಟ್ಟೀರಿ! ತವರಿಗೆ ಹೊಂಟ್ರಾ?"

ನಾನು ನಕ್ಕೆ. ಆ ಸೀರೆಯ ಕಥೆ ಅವರಿಗೆ ಗೊತ್ತು. ನಿಮಗೂ ಹೇಳಿಬಿಡುತ್ತೇನೆ.

ನನ್ನ ತವರು ಸೊರಬ. ಅಪ್ಪ ತೀರಿಕೊಂಡ ಮೇಲೆ ಒಂದು ದಿನ ಅಣ್ಣ ಫೋನ್ ಮಾಡಿ, "ಒಂದು ಸಣ್ಣ ಸಹಿ ಇತ್ತು ಮಾರಾಯ್ತಿ, ಬಂದು ಹೋಗು" ಎಂದ. ಅಕ್ಕನೂ ಬಂದಿದ್ದಳು. ಅಪ್ಪನ ಮನೆಯಲ್ಲಿ ನಮಗಿದ್ದ ಪಾಲನ್ನು ಅಣ್ಣನಿಗೆ ಬಿಟ್ಟುಕೊಡುವ ಪತ್ರ. ಅಣ್ಣ ತೋರಿಸಿದಲ್ಲೆಲ್ಲ ಸಹಿ ಹಾಕಿದೆವು. ಆಮೇಲೆ ಹೋಟೆಲಿನಲ್ಲಿ ಪೂರಿ ಸಾಗು, ಮೇಲೊಂದು ಜಾಮೂನು. ಮನೆಗೆ ಬಂದು ಅತ್ತಿಗೆ ಇಬ್ಬರಿಗೂ ಕುಂಕುಮ ಹಚ್ಚಿ ಒಂದೊಂದು ಸೀರೆ ಕೊಟ್ಟರು. ನಮ್ಮ ಕಡೆ ಇದು ಪದ್ಧತಿ. ಪಾಲು ಬಿಟ್ಟ ಹೆಣ್ಣುಮಕ್ಕಳಿಗೆ ಸೀರೆ. ಅಳಲಿಲ್ಲ, ಜಗಳವಾಡಲಿಲ್ಲ. ಸೀರೆಯ ಬಣ್ಣವೂ ಚೆನ್ನಾಗಿತ್ತು!

ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಒಬ್ಬರು, "ಕ್ವೆಶ್ಚನ್ ಪೇಪರ್ ಎರಡು ಸಲ ಓದಿ, ಆಮೇಲೆ ಪೆನ್ ಓಪನ್ ಮಾಡಿ" ಎನ್ನುತ್ತಿದ್ದರು. ಕುಕ್ಕರ್ ಜೊತೆ ಬರುವ ಪುಸ್ತಕವನ್ನೂ ಎರಡು ಸಲ ಓದುವವಳು ನಾನು. ಆದರೆ ಅಪ್ಪನ ಮನೆಯ ಪತ್ರವನ್ನು ಒಂದು ಸಲವೂ ಓದಲಿಲ್ಲ. ಅಣ್ಣ ಕೊಟ್ಟದ್ದನ್ನು ತಂಗಿ ಓದಿ ನೋಡುವುದೆಂದರೆ ಅನುಮಾನ ಪಟ್ಟಂತೆ ಅಲ್ಲವೇ? ಹಾಗಂತ ನಮ್ಮಂಥವರಿಗೆಲ್ಲ ಯಾರು ಹೇಳಿಕೊಟ್ಟರೋ!

ಈ ಸಲ ಓದದೆ ಸಹಿ ಹಾಕುವುದಿಲ್ಲ ಎಂದು ಸ್ಕೂಟರಿನ ಹಿಂದೆ ಕುಳಿತಾಗಲೇ ತೀರ್ಮಾನಿಸಿದೆ. ಕನ್ನಡಕ ಬ್ಯಾಗಿನಲ್ಲಿದೆಯೇ ಎಂದು ದಾರಿಯುದ್ದಕ್ಕೂ ಮುಟ್ಟಿ ನೋಡಿಕೊಂಡೆ.

ನಮ್ಮ ಶಿಕಾರಿಪುರದ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರಿಗೆ ಪತ್ರ ಬರೆಯುವವರ ಅಂಗಡಿ. ಬೆಂಚಿನ ಮೇಲೆ ಅಂಜನಾಪುರದ ಕಡೆಯ ರೈತರಿಬ್ಬರು ತಮ್ಮ ಸರದಿಗೆ ಕಾಯುತ್ತಿದ್ದರು. ಮನೆಯ ಅರ್ಧ ಹಕ್ಕನ್ನು ಗಂಡ ಹೆಂಡತಿಗೆ ಕೊಡುವ ದಾನಪತ್ರ ತಯಾರಾಗಿತ್ತು. ಪತ್ರ ಬರೆಯುವವರು ಪ್ರಿಂಟ್ ತೆಗೆದು ಗಟ್ಟಿಯಾಗಿ ಓದತೊಡಗಿದರು.

"...ನನ್ನ ಧರ್ಮಪತ್ನಿಯಾದ ನಿಮ್ಮ ಮೇಲೆ ನನಗಿರುವ ಸಹಜ ಪ್ರೀತಿ ವಿಶ್ವಾಸಗಳಿಂದ..."

ಬೆಂಚಿನ ಮೇಲಿದ್ದವರು ತಿರುಗಿ ನೋಡಿದರು. ನಮ್ಮನೆಯವರು ಫ್ಯಾನ್ ನೋಡಿದರು.

"ಆ ಲೈನು ಇರ್ಲೇಬೇಕಾ?" ಎಂದರು ಮೆಲ್ಲಗೆ.

"ದಾನಪತ್ರ ಅಂದ್ಮೇಲೆ ಪ್ರೀತಿ ಇಲ್ದೆ ಹೆಂಗ್ ಸಾರ್?"

"ಇರ್ಲಿ, ಇರ್ಲಿ. ಸ್ವಲ್ಪ ಮೆತ್ತಗೆ ಓದ್ರಿ."

ಮದುವೆಯಾದಾಗಿನಿಂದ ನನ್ನ ಕಿವಿಗೆ ಬೀಳದ ಮಾತು. ಕೊನೆಗೂ ಕೇಳಿದೆ, ಸ್ಟಾಂಪ್ ಪೇಪರಿನ ಸಾಕ್ಷಿ ಸಮೇತ! ನಗು ತಡೆಯಲು ಸೆರಗು ಬಾಯಿಗೆ ಹಿಡಿದೆ. ಆಗ ನೆನಪಾಯಿತು. ಸೊರಬದ ಪತ್ರದಲ್ಲೂ ಇದೇ ಪ್ರೀತಿ, ಇದೇ ವಿಶ್ವಾಸ. "ಅಣ್ಣನ ಮೇಲಿನ" ಎಂದು ಯಾರೋ ಓದಿದ್ದರು. ಮನೆ ಬಿಡುವುದಕ್ಕೂ ಪ್ರೀತಿ, ಕೊಡುವುದಕ್ಕೂ ಪ್ರೀತಿ. ಈ ಪದವನ್ನು ಇಷ್ಟೊಂದು ಬಳಸುವವರು ಕವಿಗಳಲ್ಲ, ಪತ್ರ ಬರೆಯುವವರು.

"ಸಹಿ ಹಾಕು" ಎಂದು ಪೆನ್ ಚಾಚಿದರು ನಮ್ಮನೆಯವರು. ನಾನು ಬ್ಯಾಗಿನಿಂದ ಕನ್ನಡಕ ತೆಗೆದೆ.

"ಓದ್ತೀಯಾ? ಅವ್ರು ಓದಿದ್ರಲ್ಲೇ!"

"ನಾನೂ ಓದ್ತೀನಿ ರೀ."

ಓದಿದೆ. ಕೊನೆಯ ಪುಟದಲ್ಲಿ, ಪತ್ರ ಬರೆಯುವವರು ಗಡಿಬಿಡಿಯಲ್ಲಿ ಓದಿ ಮುಗಿಸಿದ್ದ ಕಡೆ, ಒಂದು ಸಾಲಿತ್ತು. ಪತಿಯ ಒಪ್ಪಿಗೆ ಇಲ್ಲದೆ ಪತ್ನಿಯು ಸದರಿ ಸ್ವತ್ತನ್ನು ಮಾರುವುದಾಗಲಿ ಅಡ ಇಡುವುದಾಗಲಿ ಮಾಡತಕ್ಕದ್ದಲ್ಲ.

"ಇದು?" ಎಂದು ಬೆರಳಿಟ್ಟೆ.

"ಅದು ಮಾಮೂಲಿ ಮೇಡಂ. ಎಲ್ರಿಗೂ ಹಾಕ್ತೀವಿ."

"ನೀನೇನ್ ಮನೆ ಮಾರೋಕೆ ಹೊಂಟೀಯೇನೇ?" ಎಂದು ನಮ್ಮನೆಯವರು ನಕ್ಕರು.

"ಇಲ್ಲ. ನೀವು ಮಾರ್ತೀರಾ?"

"ಛೆ, ನಾನ್ಯಾಕ್ ಮಾರ್ಲಿ!"

"ಹಾಗಾದ್ರೆ ಅಲ್ಲಿ ಇಬ್ರನ್ನೂ ಸೇರಿಸ್ಲಿ. ಒಬ್ರನ್ನ ಕೇಳ್ದೆ ಇನ್ನೊಬ್ರು ಮಾರೋ ಹಾಗಿಲ್ಲ ಅಂತ."

ನಗು ನಿಂತಿತು. ಪತ್ರ ಬರೆಯುವವರು ಕೀಬೋರ್ಡಿನಿಂದ ಕೈ ತೆಗೆದರು. ನಮ್ಮನೆಯವರು ಪೆನ್ನಿನ ಕ್ಯಾಪ್ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಅರ್ಧ ಮನೆ ಕೊಡುವಾಗ ಬಾರದ ಬೆವರು ಆ ಒಂದು ಸಾಲಿಗೆ ಬಂತು. ವಿಭೂತಿ ತೇವವಾದದ್ದು ನನಗೆ ಕಾಣಿಸುತ್ತಿತ್ತು. ಬೇಡ ಅಂದುಬಿಟ್ಟರೆ? ಹೆಸರು ಮಾತ್ರ ನನ್ನದು, ಮಾತು ಅವರದೇ ಎಂದಾದರೆ? ಸಹಿ ಹಾಕಲೇ, ಬಿಡಲೇ?

ಬೆಂಚಿನ ಮೇಲಿದ್ದ ಹಿರಿಯ ರೈತರು ಕೆಮ್ಮಿದರು. "ಹಾಕ್ಸಿಬಿಡ್ರಿ ಸಾರ್. ಹೆಂಗೂ ಮನ್ಯಾಗ ಕೇಳ್ಕಂಡೇ ಮಾಡ್ತೀರಿ."

ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮನೆಯವರೇ. "ಬರೀರಿ ಮತ್ತೆ. ಇಬ್ರೂ ಅಂತ ಬರೀರಿ."

ಹೊಸ ಪುಟ ಬಂತು. ಅದನ್ನೂ ಎರಡು ಸಲ ಓದಿ ಸಹಿ ಹಾಕಿದೆ. ಆಫೀಸಿನೊಳಗೆ ಫೋಟೋ ತೆಗೆಯುವಾಗ "ನಗಬೇಡಿ ಮೇಡಂ" ಎಂದರು. ಸಾಧ್ಯವೇ?

ವಾಪಸ್ ಬರುವಾಗ ಬಟ್ಟೆ ಅಂಗಡಿ ಮುಂದೆ ಸ್ಕೂಟರ್ ನಿಲ್ಲಿಸಲು ಹೇಳಿದೆ. ನನ್ನ ಪರ್ಸಿನಿಂದಲೇ ಒಂದು ಪಂಚೆ ತೆಗೆದುಕೊಂಡೆ, ಹಸಿರು ಅಂಚಿನದು.

"ಇದ್ಯಾಕೀಗ?"

"ಪದ್ಧತಿ ರೀ. ಪಾಲು ಬಿಟ್ಟವರಿಗೆ ಬಟ್ಟೆ."

ಸೊರಬದ ಅಳಿಯನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅಂಚು ಸವರಿ ನೋಡಿ, "ಮಂಡಕ್ಕಿ ಮೆಣಸಿನಕಾಯಿನೂ ನೀನೇ ಕೊಡಿಸ್ಬೇಕು ಹಾಗಾದ್ರೆ" ಎಂದರು. ಕೊಡಿಸಿದೆ.

ಸಂಜೆ ಗಿರಿಜಕ್ಕ ಹಾಲಿಗೆ ಹೆಪ್ಪು ಕೇಳಲು ಬಂದರು. ಸೋಫಾದ ಮೇಲಿದ್ದ ಪಂಚೆ ನೋಡಿ ವಿಚಾರಿಸಿದರು. ನಾನು ಹೆಮ್ಮೆಯಿಂದ ಎಲ್ಲವನ್ನೂ ಹೇಳಿದೆ, ಆ ಸಾಲು ಬದಲಾಯಿಸಿದ್ದನ್ನು ಎರಡು ಸಲ. ಅವರು ಪಂಚೆಯ ಲೇಬಲ್ಲನ್ನು ತಿರುಗಿಸಿ ನೋಡಿ, ಹೆಪ್ಪಿನ ಬಟ್ಟಲು ಎತ್ತಿಕೊಂಡು ಹೊರಟರು. ಗೇಟಿನ ಹತ್ತಿರ ಹೋಗಿ ತಿರುಗಿದರು.

"ಅರ್ಧ ಮನೆಗೆ ಒಂದು ಪಂಚೆ! ಪರ್ವಾಗಿಲ್ರೀ ಶೈಲಾ, ನಿಮ್ಮಣ್ಣನ ಹತ್ರ ವ್ಯಾಪಾರ ಚಲೋ ಕಲ್ತೀರಿ."