ಕೊಸರು ಭಿಕ್ಷೆಯಲ್ಲ

ಅವನು ಆ ಮೆಣಸಿನಕಾಯಿಯನ್ನು ಎಸೆದನೋ, ಅದು ಅವನ ಕೈಯಿಂದ ಜಾರಿತೋ, ಆಣೆ ಮಾಡಿ ಹೇಳಲಾರೆ. ಎಸೆದ ಎಂದೇ ನನ್ನ ನೆನಪು. ಆದರೆ ಅವನ ಮೇಲಿನ ಸಿಟ್ಟು ಆ ನೆನಪನ್ನು ಎಷ್ಟು ಸಲ ತಿದ್ದಿದೆಯೋ ಯಾರಿಗೆ ಗೊತ್ತು! ವಿಶ್ವವಿದ್ಯಾಲಯದಲ್ಲಿ ಗಟ್ಟಿಯಾಗಿ ಕಲಿತದ್ದು ಅನುಮಾನಪಡುವುದೊಂದೇ. ಅದು ನಡೆದದ್ದು ಕೂಡ್ಲಿಗಿ ಸಂತೆಯಲ್ಲಿ ಎಂದು ನಾನೆಂದರೆ, ಅಲ್ಲ, ಹಗರಿಬೊಮ್ಮನಹಳ್ಳಿಯಲ್ಲಿ ಎನ್ನುತ್ತಾಳೆ ತಂಗಿ. ಅವಳು ಅಂದು ಬಂದೇ ಇರಲಿಲ್ಲ.

ಕಾಯಿಪಲ್ಯದವನು ಹೊಸದಾಗಿ ಎಲೆಕ್ಟ್ರಾನಿಕ್ ತಕ್ಕಡಿ ತಂದಿದ್ದ. ಅವ್ವ ಬದನೆಕಾಯಿ ತೂಗಿಸಿ, ರೊಕ್ಕ ಕೊಟ್ಟು, ಚೀಲದ ಬಾಯಿ ತೆರೆದೇ ನಿಂತಳು. ನಮ್ಮ ಕಡೆ ತೂಕ ಮುಗಿದರೆ ವ್ಯಾಪಾರ ಮುಗಿಯುವುದಿಲ್ಲ. ಮೇಲೆ ನಾಲ್ಕು ಮೆಣಸಿನಕಾಯಿಯೋ ಒಂದಿಷ್ಟು ಕೊತ್ತಂಬರಿಯೋ ಬೀಳಬೇಕು. ಅದು ಕೊಸರು.

“ಕೊಸರು ಹಾಕೋ ತಮ್ಮಾ.”

“ಮಷಿನ್‌ನಾಗ ಕೊಸರು ಬರಂಗಿಲ್ಲ ಬೇ.”

“ಮಷಿನ್ಯಾಕ ಹಾಕತೈತಿ? ನಿನಗ ಕೈ ಇಲ್ಲೇನು?”

ಸುತ್ತಲಿದ್ದವರು ನಕ್ಕರು. ಅವನಿಗೆ ಅದು ಚುಚ್ಚಿರಬೇಕು.

“ಕೊಸರು ಅಂದ್ರ ಏನಂತ ತಿಳದೀ? ಹಿಂದಕ ಅಂಗಡಿ ಮುಂದ ಬೇಡಾಕ ಬರ್ತಿದ್ರಲ್ಲ, ಅವರಿಗೆ ಹಾಕೋದು. ತಗಾ, ನಿನ್ನ ಭಿಕ್ಷಾ.”

ಒಂದೇ ಒಂದು ಮೆಣಸಿನಕಾಯಿ. ಬಿದ್ದದ್ದು ಚೀಲಕ್ಕಲ್ಲ, ಅವ್ವನ ಕಾಲ ಬಳಿ. ಈಗ ಜನ ಇನ್ನೂ ಜೋರಾಗಿ ನಕ್ಕರು.

ಮನೆಗೆ ಬಂದು ಬದನೆಕಾಯಿ ಹೆಚ್ಚುತ್ತಾ ಅವ್ವ ತಟ್ಟನೆ ಕೇಳಿದಳು: “ಹಂಗಾರ ಸಂತಿ ಸಂತಿಗೂ ಕೊಸರು ಕೇಳಿ ತರ್ತಿದ್ದ ನಮ್ಮವ್ವ ಸಾಯೋಮಟ ಭಿಕ್ಷಾ ತಿಂದ್ಲೇನು? ನೀ ಓದೀದಿ, ಹೇಳಪಾ.”

“ಗೊತ್ತಿಲ್ಲ ಬೇ. ಆ ಶಬ್ದ ಎಲ್ಲಿಂದ ಬಂತೋ ನೋಡಿ ಹೇಳಬೇಕು.”

“ನೋಡಕೋತ ಕುಂದ್ರು. ನಾನ ತೋರಸ್ತೀನಿ ಅವಗ.”

ಮುಂದಿನ ಸಂತೆಗೆ ಅವ್ವ ಒಬ್ಬಳೇ ಹೋಗಲಿಲ್ಲ. ನನ್ನ ನೆನಪಿನಲ್ಲಿ ಓಣಿಯ ನಾಲ್ಕೈದು ಹೆಂಗಸರಿದ್ದರು. ಅವ್ವನ ಪ್ರಕಾರ ಇಡೀ ಓಣಿಯೇ ಇತ್ತು. ಮೊದಲನೆಯವಳು ಟೊಮ್ಯಾಟೊ ತೂಗಿಸಿದಳು.

“ಕೊಸರು?”

“ಇಲ್ಲ.”

“ಹಂಗಾರ ಬ್ಯಾಡ ಬಿಡು.” ಚೀಲ ಬೋರಲು ಹಾಕಿ ಎಲ್ಲವನ್ನೂ ಅವನ ರಾಶಿಗೇ ಸುರಿದು ನಡೆದಳು. ಎರಡನೆಯವಳೂ ಅದನ್ನೇ ಮಾಡಿದಳು, ಮೂರನೆಯವಳೂ. ತೂಗುವುದು, ತುಂಬುವುದು, ಮತ್ತೆ ಸುರಿಸಿಕೊಳ್ಳುವುದು, ಇದೇ ಅವನ ಕೆಲಸವಾಯಿತು. ಕೆಳಗಿನ ಹಣ್ಣು ಒಡೆದು ರಸ ತಾಡಪಾಲಿನ ಮೇಲೆ ಹರಿಯತೊಡಗಿತು. ಬೇರೆ ಗಿರಾಕಿಗಳು ಮೋಜು ನೋಡಲು ನಿಂತರೇ ಹೊರತು ಯಾರೂ ಕೊಳ್ಳಲಿಲ್ಲ. ಎದುರಿನ ಚಹಾದಂಗಡಿಯಲ್ಲಿ ಕುಳಿತು ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅಷ್ಟು ರುಚಿಯಾದ ಚಹಾ ಮತ್ತೆಂದೂ ಕುಡಿದಿಲ್ಲ.

ಕೊನೆಗೆ ಅವ್ವ ಹೋದಳು. ಅವಳು ಏನೂ ಕೇಳುವ ಮೊದಲೇ ಅವನು ಒಂದು ಹಿಡಿ ಕೊತ್ತಂಬರಿ ಎತ್ತಿಕೊಂಡ.

“ತಗೊಳ್ರಿ ಯವ್ವಾ, ಕೊಸರು. ಸಾಕು ಮಾಡ್ರಿ ಇನ್ನ.”

“ಕೊಸರೋ, ಭಿಕ್ಷಾನೋ? ಜೋರಾಗಿ ಹೇಳು, ಎಲ್ಲಾರೂ ನಿಂತಾರ.”

“ಕೊಸರು ರೀ.”

“ಹೌದಾ? ನೀನ ಇಟ್ಕ.” ಅವ್ವ ಪಕ್ಕದವನ ಹತ್ತಿರ ಬದನೆಕಾಯಿ ಕೊಂಡಳು.

ಈ ಮಾತುಗಳೆಲ್ಲ ಹೀಗೇ ನಡೆದವೋ, ಚಹಾದಂಗಡಿಯ ಗದ್ದಲದಲ್ಲಿ ಅರ್ಧ ಕೇಳಿಸಿಕೊಂಡು ಉಳಿದರ್ಧ ನಾನೇ ತುಂಬಿಕೊಂಡೆನೋ, ಹೇಳಲಾರೆ. ಅವನ ತಗ್ಗಿದ ಮುಖ ಮಾತ್ರ ಕಣ್ಣಿಗೆ ಕಟ್ಟಿದೆ, ಅದೂ ನಾನು ಬಯಸಿದ್ದರಿಂದಲೇ ಇರಬಹುದು. ಅವನನ್ನು ಕ್ಷಮಿಸಬೇಕೆಂದು ಇಂದಿಗೂ ಅನ್ನಿಸಿಲ್ಲ. ಅವ್ವ ಅವನನ್ನು ಗೆದ್ದರೂ ಅವಳ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಅಜ್ಜಿಯ ಮೇಲೆ ಅವನು ಹಾಕಿದ ಮಸಿ ಹಾಗೆಯೇ ಇತ್ತು.

ಆಮೇಲೆ ಗ್ರಂಥಾಲಯಕ್ಕೆ ಹೋಗಿ ಹಳೆಯ ನಿಘಂಟುಗಳನ್ನು ತೆಗೆಸಿದೆ. ಕೊಸರು ಎಂದರೆ ಕೊಂಡ ಸರಕಿನ ಮೇಲೆ ಹೆಚ್ಚಿಗೆ ಕೊಡುವುದು. ತೆಲುಗು, ತಮಿಳುಗಳಲ್ಲೂ ಇದೇ ಬೇರಿನ ಮಾತು ಇದೇ ಅರ್ಥದಲ್ಲಿದೆ. ಭಿಕ್ಷೆ ಎಂಬ ಅರ್ಥ ನಾನು ನೋಡಿದ ಯಾವ ಪುಟದಲ್ಲೂ ಇಲ್ಲ.